ಭದ್ರೆಯ ನಡುಗಡ್ಡೆಯಲ್ಲಿ ಬಾಣಂತನ

ಹರಿಹರಪುರದ ಮಕ್ಕಳಿಗೆ ಹೊಳೆ ಹೊಸದೇನಲ್ಲ. ತುಂಗೆ ಊರಿನ ಮಗ್ಗುಲಲ್ಲೇ ಹರಿಯುತ್ತಾಳೆ. ಆದರೆ ಪರೀಕ್ಷೆ ಮುಗಿದ ಮೇಲೆ ದೋಣಿ ಹತ್ತಿ ಕಾಡು ನೋಡುವ ಆಸೆಯಾದರೆ ಅವಳ ಸೋದರಿ ಭದ್ರೆಯ ಕಡೆ ಹೊರಡಬೇಕು. ಇಬ್ಬರೂ ಹುಟ್ಟುವುದು ಗಂಗಾಮೂಲದಲ್ಲೇ. ಲಕ್ಕವಳ್ಳಿಯ ಅಣೆಕಟ್ಟೆ ತಡೆದ ಭದ್ರೆಯ ಹಿನ್ನೀರು ನರಸಿಂಹರಾಜಪುರದವರೆಗೂ ಚಾಚಿದೆ.

ಲಕ್ಕವಳ್ಳಿಯಲ್ಲಿ ಎರಡು ದಿನ ತಂಗಿದರೆ ಒಂದು ಹೊತ್ತು ದೋಣಿ, ಇನ್ನೊಂದು ಹೊತ್ತು ದಡದ ಕಾಡಿನಲ್ಲಿ ಜೀಪು. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡಿದು. ಆನೆ, ಕಾಟಿ, ಜಿಂಕೆ ಕಂಡಾವು. ಹುಲಿ ಮಾತ್ರ ಅವರವರ ಅದೃಷ್ಟ!

ಬೇಸಿಗೆಯ ನಿಜವಾದ ಸೊಗಸಿರುವುದು ನೀರಿನ ನಡುವೆ. ನೀರು ಇಳಿದಂತೆಲ್ಲ ತಲೆಯೆತ್ತುವ ನಡುಗಡ್ಡೆಗಳಿಗೆ ರಿವರ್ ಟರ್ನ್ ಹಕ್ಕಿಗಳು ಹಿಂಡುಹಿಂಡಾಗಿ ಬಾಣಂತನಕ್ಕೆ ಬರುತ್ತವೆ. ಕರಿ ಟೋಪಿ, ಹಳದಿ ಕೊಕ್ಕು, ಕವಲು ಬಾಲ. ಗೂಡೆಂಬುದೇ ಇಲ್ಲ. ಬರಿನೆಲದಲ್ಲಿ ಕೆರೆದ ಪುಟ್ಟ ಗುಳಿ, ಅದರಲ್ಲಿ ಮಣ್ಣಿನದೇ ಬಣ್ಣದ ಎರಡು ಮೂರು ಚುಕ್ಕೆ ಮೊಟ್ಟೆ. ಫೋಟೋದ ಆಸೆಗೆ ಯಾರಾದರೂ ಕೆಳಗಿಳಿದರೆ ತುಳಿದದ್ದೂ ತಿಳಿಯದು. ತಾಯಿ ಬೆದರಿ ಹಾರಿದರೆ ನೆರಳಿಲ್ಲದ ಮೊಟ್ಟೆ ಬಿಸಿಲಿಗೇ ಕೆಡುತ್ತದೆ. ದೋಣಿ ದೂರದಲ್ಲೇ ನಿಲ್ಲಬೇಕು. ಬೈನಾಕ್ಯುಲರ್ ಒಯ್ದವರಿಗೆ ಅಷ್ಟೇ ಸಾಕು.

ಮರಿಗಳಿಗೂ ಹೆಚ್ಚು ಸಮಯವಿಲ್ಲ. ಮುಂಗಾರು ಹಿಡಿದು ಹರಿಹರಪುರದಲ್ಲಿ ತುಂಗೆ ಕೆಂಪಾದ ಮೇಲೆ, ಇತ್ತ ನಡುಗಡ್ಡೆಗಳೂ ಒಂದೊಂದಾಗಿ ಮುಳುಗತೊಡಗುತ್ತವೆ. ಅಷ್ಟರೊಳಗೆ ರೆಕ್ಕೆ ಬಲಿತಿರಬೇಕು.