ಹದಿನಾರಕ್ಕೆ ಕೀರ್ತಿ, ಇಪ್ಪತ್ತೊಂದಕ್ಕೆ ಇಳಿಮುಖ
ಆಂಗ್ಲ ಬಾಲನಟ ಜ್ಯಾಕ್ ವೈಲ್ಡ್‌ನ ಬಾಳು

ತಲೆಗಿಂತ ದೊಡ್ಡದಾದ ಟೊಪ್ಪಿ, ಮೊಣಕಾಲಿನ ಕೆಳಗೆ ಜೋಲುವ ದೊಡ್ಡವರ ಕೋಟು, ತುಟಿಯಂಚಿನಲ್ಲಿ ತುಂಟನಗೆ. 1968ರಲ್ಲಿ ತೆರೆಕಂಡ ‘ಆಲಿವರ್!’ ಚಿತ್ರವನ್ನು ನೋಡಿದವರು ಕಿಸೆಗಳ್ಳ ಹುಡುಗ ‘ಆರ್ಟ್‌ಫುಲ್ ಡಾಜರ್’ನನ್ನು ಮರೆತಿರಲಾರರು. ಚಾರ್ಲ್ಸ್ ಡಿಕನ್ಸ್‌ನ ಕಾದಂಬರಿಯ ಆ ಪಾತ್ರಕ್ಕೆ ಜೀವ ತುಂಬಿದವನು ಜ್ಯಾಕ್ ವೈಲ್ಡ್.

ಜ್ಯಾಕ್ ಜನಿಸಿದ್ದು 1952ರ ಸೆಪ್ಟೆಂಬರ್ 30ರಂದು, ಇಂಗ್ಲೆಂಡಿನ ಲ್ಯಾಂಕಾಶೈರಿನ ರಾಯ್ಟನ್ ಎಂಬಲ್ಲಿ. ಬಡ ದುಡಿಮೆಗಾರರ ಕುಟುಂಬ. 1960ರಲ್ಲಿ ಮನೆಮಂದಿ ಲಂಡನಿನ ಸಮೀಪದ ಹೌನ್ಸ್ಲೋಗೆ ಬಂದು ನೆಲೆಸಿದರು. ಜ್ಯಾಕ್ ಮತ್ತು ಅವನ ಅಣ್ಣ ಆರ್ಥರ್ ಹಾಲು ಹಂಚುವವನಿಗೆ ನೆರವಾಗಿ ಚಿಲ್ಲರೆ ಕಾಸು ಸಂಪಾದಿಸುತ್ತಿದ್ದರು.

ಒಂದು ದಿನ ಉದ್ಯಾನದಲ್ಲಿ ಫುಟ್‌ಬಾಲ್ ಆಡುತ್ತಿದ್ದ ಈ ಸಹೋದರರು ಜೂನ್ ಕಾಲಿನ್ಸ್ ಎಂಬ ಮಹಿಳೆಯ ಕಣ್ಣಿಗೆ ಬಿದ್ದರು. ಬಾಲನಟರನ್ನು ಹುಡುಕುವುದು ಆಕೆಯ ಉದ್ಯೋಗ. ಮುಂದೆ ಗಾಯಕನಾಗಿ ಹೆಸರಾದ ಫಿಲ್ ಕಾಲಿನ್ಸ್ ಆಕೆಯ ಮಗ. ಆಕೆಯ ಮೂಲಕ ಇಬ್ಬರೂ ಬಾರ್ಬರಾ ಸ್ಪೀಕ್ ರಂಗಶಾಲೆಯನ್ನು ಸೇರಿದರು. ಲಂಡನಿನ ರಂಗಭೂಮಿಯಲ್ಲಿ ಆರ್ಥರ್ ಆಲಿವರನಾದರೆ ಜ್ಯಾಕ್ ಕಿಸೆಗಳ್ಳರ ತಂಡದ ಹುಡುಗರಲ್ಲೊಬ್ಬನಾದ.

ಕೀರ್ತಿಯ ದಿನಗಳು

ನಿರ್ದೇಶಕ ಕೆರೊಲ್ ರೀಡ್ ಅದೇ ನಾಟಕವನ್ನು ಬೆಳ್ಳಿತೆರೆಗೆ ತಂದಾಗ ಡಾಜರನ ಪಾತ್ರ ಜ್ಯಾಕನಿಗೆ ದೊರೆಯಿತು. ಚಿತ್ರ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದಿತು. ಶ್ರೇಷ್ಠ ಪೋಷಕ ನಟ ಪ್ರಶಸ್ತಿಯ ಸ್ಪರ್ಧೆಯಲ್ಲಿ ಹದಿನಾರರ ಜ್ಯಾಕನ ಹೆಸರೂ ಇತ್ತು. ಪ್ರಶಸ್ತಿ ಕೈತಪ್ಪಿದರೂ ಅಮೆರಿಕ ಅವನನ್ನು ಕೈಬೀಸಿ ಕರೆಯಿತು. 1969ರಲ್ಲಿ ‘ಎಚ್. ಆರ್. ಪಫ್‌ನ್‌ಸ್ಟಫ್’ ಎಂಬ ಮಕ್ಕಳ ಟೆಲಿವಿಷನ್ ಮಾಲಿಕೆಯಲ್ಲಿ ಮಾತನಾಡುವ ಕೊಳಲನ್ನು ಹಿಡಿದ ಹುಡುಗನಾಗಿ ಮನೆಮಾತಾದ. ಹಾಡಿನ ಪ್ಲೇಟುಗಳೂ ಹೊರಬಂದವು. 1971ರ ‘ಮೆಲಡಿ’ ಚಿತ್ರ ಬ್ರಿಟನ್ನಿನಲ್ಲಿ ಸೋತರೂ ಜಪಾನಿನಲ್ಲಿ ಭಾರೀ ಯಶಸ್ಸು ಕಂಡಿತು.

ಕುಳ್ಳ ದೇಹವೇ ತೊಡಕು

ಎಳೆಯ ಮುಖ, ಗಿಡ್ಡ ಮೈಕಟ್ಟು ಅವನಿಗೆ ಅನ್ನ ಕೊಟ್ಟಿದ್ದವು. ಅವೇ ಮುಂದೆ ಮುಳ್ಳಾದವು. ಇಪ್ಪತ್ತು ದಾಟಿದರೂ ಹುಡುಗನ ಪಾತ್ರಗಳೇ ಬರುತ್ತಿದ್ದವು. ಪ್ರೌಢ ಪಾತ್ರ ಕೊಡಲು ಯಾರೂ ಮುಂದಾಗಲಿಲ್ಲ. ಕೆಲಸ ಕಡಿಮೆಯಾದಂತೆ ಕುಡಿತ ಹೆಚ್ಚಿತು. ಎಳೆಹರೆಯದಲ್ಲೇ ಅಂಟಿದ್ದ ಸಿಗರೇಟು ಜತೆಗಿತ್ತು. ಸಂಪಾದನೆ ಕರಗಿತು, ಆರೋಗ್ಯ ಕೆಟ್ಟಿತು, 1985ರಲ್ಲಿ ಸಂಸಾರವೂ ಮುರಿಯಿತು.

ಆದರೆ ಜ್ಯಾಕನ ಕಥೆ ಅಲ್ಲಿಗೇ ಮುಗಿಯಲಿಲ್ಲ ಎಂಬುದೇ ಗಮನಾರ್ಹ. 1989ರಲ್ಲಿ ಆತ ಮದ್ಯವನ್ನು ತ್ಯಜಿಸಿದ. ಮತ್ತೆ ಕುಡಿಯಲಿಲ್ಲ. 1991ರಲ್ಲಿ ‘ರಾಬಿನ್ ಹುಡ್: ಪ್ರಿನ್ಸ್ ಆಫ್ ಥೀವ್ಸ್’ ಚಿತ್ರದ ಸಣ್ಣ ಪಾತ್ರವೊಂದರಲ್ಲಿ ಕಾಣಿಸಿಕೊಂಡ. ನಾಟಕಗಳಲ್ಲಿ ದುಡಿದು ಬದುಕಿದ.

ಆದರೂ ಹಳೆಯ ಚಟಗಳು ಬಾಕಿ ವಸೂಲು ಮಾಡದೆ ಬಿಡಲಿಲ್ಲ. 2000ದಲ್ಲಿ ಬಾಯಿಯ ಕ್ಯಾನ್ಸರ್ ಪತ್ತೆಯಾಯಿತು. 2004ರ ಶಸ್ತ್ರಚಿಕಿತ್ಸೆಯಲ್ಲಿ ನಾಲಗೆಯ ಒಂದು ಭಾಗವನ್ನೂ ಧ್ವನಿತಂತುಗಳನ್ನೂ ತೆಗೆಯಬೇಕಾಯಿತು. ಹಾಡಿ ಜಗತ್ತನ್ನು ನಗಿಸಿದವನ ಮಾತೇ ನಿಂತಿತು. 2005ರಲ್ಲಿ ಕೈಹಿಡಿದ ಎರಡನೆಯ ಪತ್ನಿ ಕ್ಲೇರ್ ಅವನ ಮಾತಾದಳು. ತನ್ನ ರೋಗಕ್ಕೆ ಸಿಗರೇಟು ಮತ್ತು ಮದ್ಯವೇ ಕಾರಣವೆಂದು ಆತ ಮುಚ್ಚುಮರೆಯಿಲ್ಲದೆ ಹೇಳಿಕೊಂಡ. 2006ರ ಮಾರ್ಚ್ 1ರಂದು, 53ರ ಹರೆಯದಲ್ಲಿ ತೀರಿಕೊಂಡ.

ಮಕ್ಕಳು ವೇದಿಕೆಯೇರಿ ಚಪ್ಪಾಳೆ ಗಿಟ್ಟಿಸುವಾಗ ಹೆತ್ತವರ ಎದೆ ಉಬ್ಬುವುದು ಸಹಜ. ಆದರೆ ಚಪ್ಪಾಳೆ ನಿಂತ ಮೇಲೆ ಆ ಮಗು ಏನು ಮಾಡಬೇಕು, ಯಾರ ಆಸರೆ ಪಡೆಯಬೇಕು? ಜ್ಯಾಕನಿಗೆ ಅಭಿನಯ ಕಲಿಸಿದವರಿದ್ದರು. ಇದಕ್ಕೆ ಉತ್ತರ ಕಂಡುಕೊಳ್ಳಲು ಮಾತ್ರ ಅವನಿಗೆ ಮೂವತ್ತಾರು ವರ್ಷ ಬೇಕಾಯಿತು.