ಹೀರೋ ನಾಯಿಗೆ ಕಲ್ಲು, ನಮ್ಮ ಕರಿಯನಿಗೆ ಕಂಬಳಿ!

ಚಿತ್ರರಸಿಕ ಮಿತ್ರರೇ, ಒಂದು ಪ್ರಶ್ನೆ. ಎದೆ ಮುಟ್ಟಿಕೊಂಡು ಉತ್ತರ ಹೇಳಿ. ಬೆಳ್ಳಿತೆರೆಯ ಮೇಲೆ ನಾಯಿ ಸತ್ತಾಗ ನೀವು ಅತ್ತಿದ್ದೀರೋ, ಇಲ್ಲವೋ?

“ಏ, ನಾವ್ಯಾಕೆ ಅಳೋಣ ಗುರೂ! ಕಣ್ಣಿಗೆ ಧೂಳು ಬಿತ್ತು, ಅಷ್ಟೇ” ಅಂತೀರಿ. ಗೊತ್ತು! 2022ರ ಜೂನ್ 10ರಂದು ‘777 ಚಾರ್ಲಿ’ ತೆರೆಕಂಡ ಮೇಲೆ ಕರ್ನಾಟಕದ ಗಂಡಸರ ಕಣ್ಣಿಗೆ ಬಿದ್ದಷ್ಟು ಧೂಳು ನಮ್ಮ ಚಳ್ಳಕೆರೆ ಬಯಲಿನ ಬೇಸಿಗೆ ಗಾಳಿಯಲ್ಲೂ ಎದ್ದಿರಲಿಕ್ಕಿಲ್ಲ. ಫೈಟಿಂಗ್ ಸೀನಿಗೆ ಶಿಳ್ಳೆ ಹೊಡೆದು ಗಂಟಲು ಕಟ್ಟಿಸಿಕೊಳ್ಳುವ ಮುಂದಿನ ಸಾಲಿನ ಹುಡುಗರು, ಅವತ್ತು ಷೋ ಮುಗಿದು ಲೈಟು ಹಾಕಿದಾಗ ಒಬ್ಬರ ಮುಖ ಒಬ್ಬರು ನೋಡದೆ ಹೊರಗೆ ಬಂದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಅಷ್ಟೇಕೆ? ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೇ ಚಿತ್ರ ನೋಡಿ ಕ್ಯಾಮೆರಾಗಳ ಎದುರಿಗೇ ಕಣ್ಣೀರು ಹಾಕಿದರು. ಹಿಂದಿನ ವರ್ಷ, 2021ರಲ್ಲಿ, ಅವರ ಮನೆಯ ಮುದ್ದಿನ ನಾಯಿ ‘ಸನ್ನಿ’ ತೀರಿಕೊಂಡಿತ್ತು. ಆ ಗಾಯ ಇನ್ನೂ ಹಸಿಯಾಗಿತ್ತು. ಕುರ್ಚಿ ದೊಡ್ಡದಾದರೇನು, ಕಣ್ಣೀರಿಗೆ ಕುರ್ಚಿಯ ಹಂಗಿಲ್ಲ!

ತೆರೆಯ ನಾಯಿಗಳ ಸಾಹಸ

ನಾಯಿಯ ಕಥೆ ಸಿನಿಮಾದವರಿಗೆ ಹೊಸದೇನಲ್ಲ. 1984ರಲ್ಲಿ ಶಂಕರ್‌ನಾಗ್ ಅಭಿನಯದ ‘ತಾಳಿಯ ಭಾಗ್ಯ’ ಬಂತು. ಮರುವರ್ಷವೇ ಅದು ಜಾಕಿ ಶ್ರಾಫ್ ನಾಯಕರಾಗಿ ‘ತೇರಿ ಮೆಹರ್ಬಾನಿಯಾಂ’ ಎಂಬ ಹಿಂದಿ ಚಿತ್ರವಾಯಿತು. ನಿರ್ದೇಶಕರು ‘ಗಂಧದ ಗುಡಿ’ ಖ್ಯಾತಿಯ ವಿಜಯ್. ಯಜಮಾನನನ್ನು ಕೊಂದ ಖದೀಮರನ್ನು ಬೇಟೆಯಾಡಿ ಸೇಡು ತೀರಿಸಿಕೊಳ್ಳುವ ನಾಯಿ ‘ಮೋತಿ’ಗೆ ದೇಶಾದ್ಯಂತ ಜನ ಚಪ್ಪಾಳೆ ತಟ್ಟಿದರು. ಅದಕ್ಕೂ ಮೊದಲು, 1971ರ ‘ಹಾಥಿ ಮೇರೇ ಸಾಥಿ’ಯಲ್ಲಿ ರಾಜೇಶ್ ಖನ್ನಾರನ್ನು ಉಳಿಸಲು ಗುಂಡಿಗೆ ಎದೆಯೊಡ್ಡಿದ ಆನೆಯನ್ನು ಮರೆತವರುಂಟೆ?

ಇಲ್ಲೊಂದು ಸೂಕ್ಷ್ಮ ಉಂಟು, ಗಮನಿಸಿ. ಹಳೆಯ ಸಿನಿಮಾಗಳಲ್ಲಿ ಪ್ರಾಣಿ ಕಣ್ಣೀರು ತರಿಸಬೇಕಾದರೆ ಏನಾದರೊಂದು ಸಾಹಸ ಮಾಡಲೇಬೇಕಿತ್ತು. ಒಂದೋ ಸೇಡು, ಇಲ್ಲವೇ ತ್ಯಾಗ. ‘777 ಚಾರ್ಲಿ’ಯ ನಾಯಿ ಇದ್ಯಾವುದನ್ನೂ ಮಾಡುವುದಿಲ್ಲ. (ಚಿತ್ರ ನೋಡದವರು ಮುಂದಿನ ನಾಲ್ಕು ಸಾಲು ಬಿಟ್ಟು ಓದಿ!) ಅದಕ್ಕೆ ಕಾಯಿಲೆ ಬರುತ್ತದೆ. ರಕ್ತನಾಳದ ಕ್ಯಾನ್ಸರ್. ಸಾಯುವುದು ಖಚಿತ. ಆಗ ಸಾಹಸ ಮಾಡಬೇಕಾದವನು ಮನುಷ್ಯ! ರಕ್ಷಿತ್ ಶೆಟ್ಟಿಯ ‘ಧರ್ಮ’ ತನ್ನ ನಾಯಿಗೆ ಹಿಮ ತೋರಿಸಲು ಮೈಸೂರಿನಿಂದ ಹಿಮಾಲಯದವರೆಗೆ ಬೈಕಿನಲ್ಲಿ ಕರೆದೊಯ್ಯುತ್ತಾನೆ. ಮಹಾಭಾರತದ ಧರ್ಮರಾಯ ಕೂಡ ನಾಯಿಯ ಜತೆಗೇ ಹಿಮಾಲಯ ಹತ್ತಿದವನು, ನಾಯಿಯನ್ನು ಹೊರಗೆ ಬಿಟ್ಟು ಬರುವುದಾದರೆ ಸ್ವರ್ಗವೇ ಬೇಡ ಅಂದವನು. ನಾಯಕನಿಗೆ ಆ ಹೆಸರು ಎಷ್ಟು ಚೆನ್ನಾಗಿ ಹೊಂದಿದೆ ನೋಡಿ!

ಕಾಸರಗೋಡಿನ ಕಡೆಯ ಪ್ರತಿಭೆ ಕಿರಣ್‌ರಾಜ್ ನಿರ್ದೇಶಿಸಿದ ಈ ಚಿತ್ರಕ್ಕೆ 69ನೇ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರದ ಗೌರವ ಸಿಕ್ಕಿತು. ಇನ್ನೊಂದು ಸಿಹಿ ಸುದ್ದಿ. ಚಾರ್ಲಿಯಾಗಿ ನಟಿಸಿದ ನಾಯಿ 2024ರ ಮೇ ತಿಂಗಳಲ್ಲಿ ಮೈಸೂರಿನ ತನ್ನ ತರಬೇತುದಾರರ ಮನೆಯಲ್ಲಿ ಆರು ಮರಿ ಹಾಕಿತು. ರಕ್ಷಿತ್ ಖುದ್ದಾಗಿ ಹೋಗಿ ಬಾಣಂತಿಯನ್ನು ನೋಡಿ ಬಂದರು!

ಸಿನಿಮಾ ಅಂದರೆ ಅದೇ ಅಲ್ಲವೆ? ಪರದೆಯ ಮೇಲೆ ಹೋದದ್ದು ಪರದೆಯ ಹಿಂದೆ ಬಾಲ ಅಲ್ಲಾಡಿಸುತ್ತಿರುತ್ತದೆ. ನಮ್ಮ ನಿಮ್ಮ ಮನೆ ಅಂಗಳದಲ್ಲಿ ಹಾಗಲ್ಲ. ಅಲ್ಲಿ ರೀಟೇಕ್ ಇಲ್ಲ.

ಸಾವಿರ ವರ್ಷದ ಹಿಂದಿನ ‘ಕಾಳಿ’

ನಾಯಿಗಾಗಿ ಮರುಗುವುದು ಪೇಟೆಯವರ ಹೊಸ ಷೋಕಿ ಅನ್ನುವವರಿದ್ದಾರೆ. ಅವರು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬರಲಿ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಒಂದು ಕಲ್ಲು ಅಲ್ಲಿದೆ. ಕಾಲ ಸುಮಾರು ಕ್ರಿ.ಶ. 950.

ಕಥೆ ಕೇಳಿ, ಯಾವ ಸ್ಕ್ರೀನ್‌ಪ್ಲೇಗೂ ಕಡಿಮೆಯಿಲ್ಲ. ತಕ್ಕೋಲದಲ್ಲಿ ಚೋಳರ ಮೇಲೆ ಘೋರ ಯುದ್ಧ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ. ಬೂತುಗನ ಕಡೆಯ ವೀರ ಮಣಲೇರ. ಅವನ ಶೌರ್ಯಕ್ಕೆ ಮೆಚ್ಚಿದ ದೊರೆ “ಏನು ಬೇಕೋ ಕೇಳು” ಅಂದ. ಮಣಲೇರ ಬಂಗಾರ ಕೇಳಲಿಲ್ಲ. ‘ಕಾಳಿ’ ಎಂಬ ನಾಯಿಯನ್ನು ಕೇಳಿದ! ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ನಾಯಿಯ ನೆನಪಿಗೆ ದೇವಸ್ಥಾನದ ಎದುರು ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದರು. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಂಡರೆ ಪಾಪ ಸುತ್ತಿಕೊಳ್ಳುತ್ತದೆ ಎಂದೂ ಶಾಸನದಲ್ಲಿ ಕೆತ್ತಿಸಿದರು.

ಭೇಷ್! ಆದರೆ ಕಾಳಿಯೂ ಹೀರೋ ನಾಯಿಯೇ. ಹಂದಿಯ ಜತೆ ಹೋರಾಡಿತು, ಕಲ್ಲು ಸಿಕ್ಕಿತು. ಹಂದಿಯೂ ಇಲ್ಲದೆ, ಗುಂಡೂ ಇಲ್ಲದೆ, ಸುಮ್ಮನೆ ವಯಸ್ಸಾಗಿ ಬಾಗಿಲ ಬಳಿ ಮಲಗಿ ಸಾಯುವ ನಾಯಿಗೆ ಯಾರು ಕಲ್ಲು ನೆಡುತ್ತಾರೆ? ಅಂಥ ಒಂದು ನಾಯಿ ನಮ್ಮ ಮನೆಯಲ್ಲಿತ್ತು. ಅದರ ಹೆಸರೂ ಹೆಚ್ಚುಕಮ್ಮಿ ಅದೇ... ಕರಿಯ.

ಪರಶುರಾಂಪುರದ ಸೀಮೆಯಲ್ಲಿ

ನಮ್ಮದು ಚಳ್ಳಕೆರೆ ತಾಲ್ಲೂಕು ಪರಶುರಾಂಪುರದ ಕಡೆಯ ಹಳ್ಳಿ. ಪಕ್ಕದಲ್ಲಿ ವೇದಾವತಿ. ಹೊಳೆಯಲ್ಲಿ ನೀರಿಗಿಂತ ಮರಳನ್ನೇ ಹೆಚ್ಚು ಕಂಡವರು ನಾವು. ಸ್ವಲ್ಪ ಆಚೆಗೆ ಆಂಧ್ರದ ಗಡಿ. ಮಳೆ ಬಂದರೆ ಶೇಂಗಾ, ಬರದಿದ್ದರೆ ಕುರಿ. ಅಪ್ಪ ಒಂದು ಸಲ ಚಳ್ಳಕೆರೆ ಸಂತೆಗೆ ಹೋದವನು ಬರುವಾಗ ಕಂಬಳಿಯ ಮಡಿಕೆಯಲ್ಲಿ ಒಂದು ಕರೀ ಮರಿ ತಂದಿದ್ದ. ಮುದ್ದೆ, ಮಜ್ಜಿಗೆ ತಿಂದು ಬೆಳೆಯಿತು.

ಟಿ.ವಿ.ಯಲ್ಲಿ ವಿಲನ್ ಬಂದರೆ ಬೊಗಳುತ್ತಿತ್ತು ಅಂತ ಬರೆದರೆ ನಿಮಗೆ ಖುಷಿಯಾದೀತು, ಆದರೆ ಸುಳ್ಳಾಗುತ್ತದೆ. ಟಿ.ವಿ. ಎದುರು ಅದು ಗೊರಕೆ ಹೊಡೆಯುತ್ತಿತ್ತು! ತೋಳದ ಜತೆ ಫೈಟಿಂಗ್ ಮಾಡಲಿಲ್ಲ, ಕಳ್ಳರನ್ನು ಹಿಡಿಯಲಿಲ್ಲ. ಅದಕ್ಕೆ ಗೊತ್ತಿದ್ದುದು ಒಂದೇ ಕೆಲಸ. ಸಂಜೆ ಕುರಿಗಳು ರೊಪ್ಪಕ್ಕೆ ಬರುವಾಗ ಬಾಗಿಲ ಪಕ್ಕ ನಿಲ್ಲುವುದು. ಅಪ್ಪ ಗಟ್ಟಿಯಾಗಿ ಎಣಿಸುತ್ತಿದ್ದ. ಕೊನೆಯ ಕುರಿ ಒಳಗೆ ಹೋಗುವ ತನಕ ಕರಿಯ ನೆಲಕ್ಕೆ ಮೈ ಹಾಕುತ್ತಿರಲಿಲ್ಲ. ಹದಿಮೂರು ವರ್ಷ, ಮಳೆಯೋ ಬಿಸಿಲೋ, ಒಂದು ದಿನ ತಪ್ಪಲಿಲ್ಲ.

ಆಮೇಲೆ ಕಣ್ಣಿಗೆ ಪೊರೆ ಬಂತು. ಕಿವಿ ಮಂದವಾಯಿತು. ಹಿಂದಿನ ಕಾಲು ಎಳೆಯತೊಡಗಿತು. ಮುದ್ದೆ ಮೂಸಿ ಬಿಟ್ಟುಬಿಡುತ್ತಿತ್ತು. ಹೊಟ್ಟೆ ಊದಿಕೊಂಡಿತು. ಊರಿನಲ್ಲೊಬ್ಬರು ಅಪ್ಪನಿಗೆ ಬುದ್ಧಿ ಹೇಳಿದರು:

“ಹೊಳೆ ದಾಟ್ಸಿ ಬಿಟ್ಟು ಬಾರಣ್ಣೋ. ಮನೆ ಮುಂದೆ ಸತ್ರೆ ಯಾಕ್ ಬೇಕು ಕಿರಿಕಿರಿ? ಅತ್ಲಾಗಿನ ಊರೋರು ನೋಡ್ಕಂತಾರೆ.”

ಹಳ್ಳಿಗಳಲ್ಲಿ ಇದು ಹೊಸ ಮಾತೇನಲ್ಲ. ಮುದಿ ನಾಯಿಯನ್ನು ಲಗೇಜ್ ಆಟೋಗೆ ಹಾಕಿ ಎಲ್ಲಿಯೋ ಇಳಿಸಿ ಬರುವವರು ಎಷ್ಟೋ ಮಂದಿ. ಅಪ್ಪ ಅವರ ಮುಖ ನೋಡಿದ.

“ಹದಿಮೂರು ವರ್ಷ ನಂದೊಂದು ಕುರಿ ತಪ್ಪಿಸ್ಲಿಲ್ಲ ಅದು. ಈಗ ಅದನ್ನ ನಾನು ತಪ್ಪಿಸಿ ಬರ್ಲಾ?”

ಯಾವ ಚಿತ್ರದಲ್ಲಾದರೂ ಈ ಡೈಲಾಗ್‌ಗೆ ಚಿಲ್ಲರೆ ಕಾಸಿನ ಮಳೆ ಸುರಿಯುತ್ತಿತ್ತು! ಅಲ್ಲಿ ಚಪ್ಪಾಳೆ ತಟ್ಟುವವರು ಯಾರೂ ಇರಲಿಲ್ಲ. ಬುದ್ಧಿ ಹೇಳಲು ಬಂದವರು ಎದ್ದು ಹೋದರು.

ಸೂಜಿಯ ಪ್ರಶ್ನೆ

ದನದ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದರು. “ಒಳಗೆ ದೊಡ್ಡ ಗಡ್ಡೆ ಇದೆ ಯಜಮಾನ್ರೇ. ಈ ವಯಸ್ಸಿಗೆ ಆಪರೇಷನ್ ತಡ್ಕೊಳ್ಳಲ್ಲ. ನರಳೋದು ಬೇಡ ಅಂದ್ರೆ ಮಲಗಿಸೋ ಇಂಜೆಕ್ಷನ್ ಇದೆ. ನೀವೇ ಯೋಚ್ನೆ ಮಾಡಿ” ಅಂದರು.

ಅಪ್ಪ ಎರಡು ದಿನ ಮಾತಾಡಲಿಲ್ಲ. “ಉಸಿರು ಕೊಟ್ಟೋನು ಅವ್ನು. ತೆಗ್ಯಾಕೆ ನಾನ್ಯಾರು?” ಅನ್ನುವುದೊಂದೇ ಮಾತು. ಅಪ್ಪನ ಮಾತಿನಲ್ಲಿ ತಪ್ಪೇನಿತ್ತು? ಕಾವಲು ಕಾದವನಿಗೆ ಸೂಜಿ ಚುಚ್ಚಿಸುವುದೆಂದರೆ ಸುಮ್ಮನೆ ಆಯಿತೆ? ಮೂರನೇ ದಿನ ಬೆಳಿಗ್ಗೆ ಅವ್ವ ಬಾಯಿ ಬಿಟ್ಟಳು:

“ಅದು ನೀರೂ ಮುಟ್ತಿಲ್ಲ. ರಾತ್ರೆಲ್ಲಾ ನರಳ್ತೈತೆ. ನಿಮಗೆ ಸಂಕಟ ಆಗ್ತೈತೆ ಅಂತ ಅದು ಯಾಕೆ ನರಳ್ಬೇಕು?”

ಅಪ್ಪ ತಲೆ ತಗ್ಗಿಸಿ ಕೂತ. ಆಮೇಲೆ ನನ್ನ ಕಡೆ ತಿರುಗಿ, “ಡಾಕ್ಟ್ರಿಗೆ ಫೋನ್ ಮಾಡು. ಹಗಲೊತ್ತು ಬ್ಯಾಡ. ಕುರಿ ಬಂದ ಮ್ಯಾಲೆ ಬರಾಕೆ ಹೇಳು” ಅಂದ.

ಸಂಜೆಯಾಯಿತು. ಕರಿಯನನ್ನು ಅಪ್ಪನೇ ಎತ್ತಿ ತಂದು ರೊಪ್ಪದ ಬಾಗಿಲಲ್ಲಿ, ಅದರ ಮಾಮೂಲಿ ಜಾಗದಲ್ಲಿ ಮಲಗಿಸಿದ. ಕಣ್ಣು ಕಾಣದು, ಕಿವಿ ಕೇಳದು. ಆದರೆ ಕುರಿಗಳ ವಾಸನೆ ಬಂದಾಗ ಮೂಗು ಅರಳಿತು. ಅಪ್ಪ ಅದರ ಕಿವಿಯ ಹತ್ತಿರ ಬಗ್ಗಿ, ಎಂದಿಗಿಂತ ಗಟ್ಟಿಯಾಗಿ, ಒಂದೊಂದೇ ಕುರಿ ಎಣಿಸಿದ. ನಲವತ್ತು... ನಲವತ್ತೊಂದು... ನಲವತ್ತೆರಡು.

“ಎಲ್ಲಾ ಬಂದ್ವು ಕಣಲೇ ಕರಿಯ. ಇನ್ನ ಮಲಕ್ಕ.”

ಬಾಲ ಎರಡು ಸಲ ನೆಲಕ್ಕೆ ಬಡಿಯಿತು.

ಡಾಕ್ಟರು ಮೊದಲು ನಿದ್ದೆ ಬರುವ ಮದ್ದು ಕೊಟ್ಟರು. ಕರಿಯ ನಿದ್ದೆ ಹೋಯಿತು. ಆಮೇಲೆ ಇನ್ನೊಂದು ಸೂಜಿ. ಅಪ್ಪನ ಕೈ ಅದರ ತಲೆಯ ಮೇಲಿತ್ತು. ಉಸಿರು ನಿಂತಿತು ಅಂತ ಡಾಕ್ಟರು ಹೇಳಿದ ಮೇಲೂ ಕೈ ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡ. ಒಳಗೆ ಅತ್ತನೋ ಇಲ್ಲವೋ, ನಾನು ನೋಡಲು ಹೋಗಲಿಲ್ಲ.

ಬೇವಿನ ಮರದ ಪಕ್ಕ ಗುಂಡಿ ತೋಡಿದೆವು. ಅದೇ ಕಂಬಳಿಯಲ್ಲಿ ಸುತ್ತಿ ಇಳಿಸಿದೆವು. ಅವ್ವ ಒಂದು ಮುದ್ದೆ ಇಟ್ಟಳು. ಮೇಲೆ ಜಾಲಿ ಮುಳ್ಳು ಎಳೆದೆವು, ಯಾವುದೂ ಕೆದಕಬಾರದು ಅಂತ.

ಸಂಕೋಚ ಬೇಡ ಗುರೂ!

ಯುವಮಿತ್ರರೇ, ಇಂಥ ಸಂಜೆ ನಿಮ್ಮ ಮನೆಗೂ ಬರಬಹುದು. ಹಾಗಾಗಿ ಕೆಲವು ಮಾತು ಗೊತ್ತಿರಲಿ. ಮುದಿ ನಾಯಿ ಅನ್ನ ನೀರು ಬಿಟ್ಟರೆ, ಎದ್ದು ನಿಲ್ಲಲಾಗದೆ ಮಲಗಿದಲ್ಲೇ ಹೇಸಿಗೆ ಮಾಡಿಕೊಂಡರೆ, ಮುಟ್ಟಿದರೆ ನರಳಿದರೆ, ‘ವಯಸ್ಸಾಯ್ತು ಬಿಡು’ ಅಂತ ಕೂರದೆ ಪಶುವೈದ್ಯರಿಗೆ ತೋರಿಸಿ. ಎಷ್ಟೋ ನೋವಿಗೆ ಔಷಧಿ ಇದೆ. ನಾಯಿಗೆ ಮನುಷ್ಯರ ಮಾತ್ರೆಯನ್ನು ನೀವಾಗಿಯೇ ನುಂಗಿಸಬೇಡಿ, ಕೆಲವು ವಿಷವಾಗುತ್ತವೆ. ಇನ್ನು ದಾರಿಯೇ ಇಲ್ಲ ಅಂತ ವೈದ್ಯರು ಹೇಳಿದರೆ, ಆ ಸೂಜಿಯನ್ನು ಅವರೇ ಕೊಡಬೇಕು. ಸರಿಯಾಗಿ ಕೊಟ್ಟರೆ ಅದು ನಿದ್ದೆಯಲ್ಲಿ ಹೋಗುತ್ತದೆ. ಮಣ್ಣು ಮಾಡುವಾಗ ಬಾವಿ, ಬೋರ್‌ವೆಲ್‌ನಿಂದ ದೂರ, ಮೂರು ನಾಲ್ಕಡಿ ಆಳ ತೋಡಿ.

ಎಲ್ಲಕ್ಕಿಂತ ಮುಖ್ಯ, ಪಕ್ಕದಲ್ಲಿರಿ. ನೋಡಕ್ಕಾಗಲ್ಲ ಅಂತ ಹೊರಗೆ ಹೋಗಿ ನಿಲ್ಲಬೇಡಿ. ಜೀವಮಾನ ಪೂರ್ತಿ ಅದು ನಿಮ್ಮ ಬಾಗಿಲು ಕಾದಿದೆ. ಕೊನೆಯ ಅರ್ಧ ಗಂಟೆಯ ಕಾವಲು ನಿಮ್ಮ ಪಾಳಿ. ಆಗ ಕಣ್ಣೀರು ಬಂದರೆ ಬರಲಿ. ‘ಗಂಡ್ಸಾಗಿ ನಾಯಿಗೆ ಅಳ್ತೀಯಾ’ ಅಂತ ಯಾರಾದರೂ ನಕ್ಕರೆ, ಆತಕೂರಿನ ಕಲ್ಲಿನ ಕಥೆ ಹೇಳಿ. ಯುದ್ಧ ಗೆದ್ದು ಬಂದ ಗಂಡಸರೇ ನಾಯಿಗೆ ಕಲ್ಲು ನೆಟ್ಟ ನಾಡು ಇದು!

ನೀವು ಈ ಪತ್ರಿಕೆಯನ್ನು ಬಸ್‌ಸ್ಟ್ಯಾಂಡಿನಲ್ಲಿ ಕೊಂಡು ಊರ ಬಸ್ಸು ಹತ್ತಿರಬಹುದು. ಇಳಿದು ಮನೆಗೆ ಹೋದಾಗ ಬಾಗಿಲಲ್ಲಿ ಮುದಿ ನಾಯಿಯೊಂದು ಅಡ್ಡ ಮಲಗಿದ್ದರೆ ದಾಟಿಕೊಂಡು ಹೋಗಬೇಡಿ. ಒಂದು ನಿಮಿಷ ಕುಕ್ಕರಗಾಲಲ್ಲಿ ಕೂತು ತಲೆ ಸವರಿ. ನೀವು ಬರುವುದನ್ನೇ ಕಾಯುತ್ತಿರುತ್ತದೆ ಅದು. “ಬಂದೆ ಕಣಲೇ” ಅನ್ನಿ, ಸಾಕು.