ಇಂಗ್ಲಿಷ್ ಸಮಾಸಗಳ ಒತ್ತು

ದೀಪ ಹಚ್ಚಿದ ಮೇಲೆ ಮಕ್ಕಳನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು ಇಂಗ್ಲಿಷ್ ಪಾಠ ಓದಿಸುವ ತಾಯಿತಂದೆಗಳಿಗಾಗಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಉಪಾಧ್ಯಾಯ ವೃತ್ತಿಯಲ್ಲಿದ್ದಾಗ ನಾವು ‘ಓಲ್ಡ್-ಫ್ಯಾಷನ್ಡ್’ ಎಂಬ ವಿಶೇಷಣವನ್ನು ಬರಹದಲ್ಲಿರುವಂತೆಯೇ ‘ಓಲ್ಡ್-ಫ್ಯಾ-ಷಿ-ಓ-ನೆಡ್’ ಎಂದು ಬಿಡಿಸಿ, ಎಲ್ಲ ಅಕ್ಷರಗಳಿಗೂ ಸಮಬಲವನ್ನಿತ್ತು ಹೇಳಿಸುತ್ತಿದ್ದೆವು. ನಮ್ಮ ಶಿಷ್ಯನೊಬ್ಬನು ಉದ್ಯೋಗದ ಸಂದರ್ಶನದಲ್ಲಿ ಹಾಗೆಯೇ ನುಡಿದು ನಗೆಗೀಡಾದನು. ಅರ್ಥವನ್ನೂ ವ್ಯಾಕರಣವನ್ನೂ ಅವನು ಚೆನ್ನಾಗಿ ಬಲ್ಲವನು. ತಪ್ಪು ಅವನದಲ್ಲ, ನಮ್ಮದು.

ಇಂಗ್ಲಿಷಿನಲ್ಲಿ ಕಣ್ಣಿಗೆ ಕಾಣುವ ಲಿಪಿಯನ್ನಲ್ಲ, ಕಿವಿಗೆ ಕೇಳುವ ಸ್ವರಗಳನ್ನು ಎಣಿಸಿ ಅಕ್ಷರವಿಭಾಗ ಮಾಡತಕ್ಕದ್ದು. ಕೊನೆಯ ‘ಎಡ್’ ಪ್ರತ್ಯಯವು ಟ ಅಥವಾ ಡ ಧ್ವನಿಯ ಬಳಿಕ ಬಂದಾಗ ಮಾತ್ರ ಸಾಮಾನ್ಯವಾಗಿ ಬೇರೆ ಅಕ್ಷರವೆನಿಸುತ್ತದೆ. ‘ವಿಕೆಡ್’, ‘ನೇಕೆಡ್’ ಮೊದಲಾದ ಕೆಲವು ಪದಗಳು ಅಪವಾದ. ಆದುದರಿಂದ ‘ಕೈಂಡ್-ಹಾರ್-ಟೆಡ್’ ಮೂರು ಅಕ್ಷರ. ‘ಓಲ್ಡ್-ಫ್ಯಾ-ಷನ್ಡ್’ ಸಹ ಮೂರೇ. ‘ಬ್ಲೂ-ಐಡ್’ ಕೇವಲ ಎರಡು.

ಇನ್ನು ಒತ್ತಿನ ವಿಚಾರ. ‘ದಿ ಪೊಯೆಟ್ ಈಸ್ ವೆಲ್-ನೋನ್’ ಎಂಬಲ್ಲಿ ಪ್ರಧಾನವಾದ ಒತ್ತು ಉತ್ತರಪದವಾದ ‘ನೋನ್’ ಮೇಲಿದೆ. ಅದೇ ಸಮಾಸವು ವಿಶೇಷ್ಯದ ಹಿಂದೆ ನಿಂತು ‘ಎ ವೆಲ್-ನೋನ್ ಪೊಯೆಟ್’ ಎಂದಾದಾಗ ಒತ್ತು ಪೂರ್ವಪದವಾದ ‘ವೆಲ್’ಗೆ ಸರಿಯುತ್ತದೆ. ಕಾರಣವು ಲಯ. ‘ಪೊಯೆಟ್’ ಶಬ್ದಕ್ಕೆ ಮೊದಲಲ್ಲಿಯೇ ಒತ್ತುಂಟು. ಎರಡು ಒತ್ತುಗಳು ಒಂದರ ಪಕ್ಕದಲ್ಲೊಂದು ಬಿದ್ದರೆ ನುಡಿ ಎಡವುತ್ತದೆ. ಆದರೆ ‘ಹೋಂಸಿಕ್’, ‘ಸೀಸಿಕ್’ ಮುಂತಾದ ಪದಗಳಲ್ಲಿ, ಅವು ಎಲ್ಲಿಯೇ ಬರಲಿ, ಒತ್ತು ಮೊದಲಲ್ಲಿಯೇ ನಿಲ್ಲುತ್ತದೆ.

ಸಮಾಸದಲ್ಲಿ ಸ್ವರದ ಸ್ಥಾನವು ಎಷ್ಟು ಮುಖ್ಯವೆಂಬುದನ್ನು ನಮ್ಮ ಪೂರ್ವಿಕರು ಅರಿಯದವರಲ್ಲ. ಪತಂಜಲಿಯು ಮಹಾಭಾಷ್ಯದಲ್ಲಿ ‘ಇಂದ್ರಶತ್ರು’ ಶಬ್ದವನ್ನು ನೆನೆಯುತ್ತಾನೆ. ಉದಾತ್ತವು ಕೊನೆಯಲ್ಲಿದ್ದರೆ ಅದು ತತ್ಪುರುಷ: ಇಂದ್ರನನ್ನು ಕೊಲ್ಲುವವನು. ಮೊದಲಲ್ಲಿದ್ದರೆ ಬಹುವ್ರೀಹಿ: ಇಂದ್ರನೇ ಕೊಲೆಗಾರನಾಗಿ ಉಳ್ಳವನು. ಸ್ವರ ತಪ್ಪಿದುದರಿಂದ ವೃತ್ರನೇ ಹತನಾದನು. ವೇದದ ಉದಾತ್ತವು ಧ್ವನಿಯ ಏರು, ಇಂಗ್ಲಿಷಿನ ಒತ್ತು ಧ್ವನಿಯ ಬಲ. ಎರಡೂ ಒಂದೇ ಅಲ್ಲ. ಆದರೂ ಪಾಠವೊಂದೇ: ಸಮಾಸವನ್ನು ಕಣ್ಣಿನಿಂದ ಓದಿದರೆ ಸಾಲದು.

ಈ ಕಥೆಯನ್ನು ನಾವು ಸಂಸ್ಕೃತ ತರಗತಿಯಲ್ಲಿ ಪ್ರತಿವರ್ಷವೂ ಹೇಳುತ್ತಿದ್ದೆವು. ಮರುಗಳಿಗೆಯ ಇಂಗ್ಲಿಷ್ ಪಾಠಕ್ಕೆ ಅದನ್ನು ಅನ್ವಯಿಸಲು ಮಾತ್ರ ತೋಚಲಿಲ್ಲ. ತಾಯಿತಂದೆಗಳು ನಮ್ಮಂತೆ ಮಾಡದಿರಲಿ. ಮಗುವು ಗಟ್ಟಿಯಾಗಿ ಓದಲಿ. ಒತ್ತು ಬಂದೆಡೆ ಅಂಗೈಯಿಂದ ಮೆಲ್ಲನೆ ತಟ್ಟಲಿ. ಕಿವಿ ಕಲಿತುದನ್ನು ನಾಲಗೆ ಮರೆಯದು.